ನೀರು ತಿಳಿಯಾದರೆ

"ಇವತ್ತೂ ಕೆಂಪಾ?" ಎಂದು ಕೇಳುತ್ತ ದಾಕ್ಷಾಯಣಿ ಕಾಫಿ ಲೋಟ ಚಾಚಿದಳು. ಎಡಗೈಯಲ್ಲಿ. ಬಲಗೈ ಸೆರಗಿನ ಮರೆಯಲ್ಲಿತ್ತು.

ಕೊಳದ ನೀರನ್ನು ಗಾಜಿನ ನಳಿಕೆಗೆ ತುಂಬಿ, ಔಷಧಿಯ ಹನಿ ಬಿಟ್ಟು ಬಿಸಿಲಿಗೆ ಹಿಡಿದಿದ್ದೆ. ತಿಳಿ ಕಿತ್ತಳೆ ಬಣ್ಣ ಬರಬೇಕಿತ್ತು. ಬಂದದ್ದು ಬೀಟ್‌ರೂಟ್ ಹಿಂಡಿದ ಬಣ್ಣ.

"ಇವತ್ತೂ ಅದೇ."

"ನಿಮ್ ಮುಖಕ್ಕಿಂತ ವಾಸಿ ಬುಡಿ," ಎಂದಳು. ಕಣ್ಣಂಚಿನಲ್ಲಿ ನನ್ನನ್ನು ಒಮ್ಮೆ ಅಳೆದು, ನಗು ತುಟಿಗೆ ಬರುವ ಮೊದಲೇ ಆ ಕಡೆ ತಿರುಗಿಕೊಂಡಳು.

ಮರಳೂರಿನ ಗುರುಪ್ರಕಾಶ್ ಅವರ ಮನೆಯ ಈಜುಕೊಳ ಕೊರೊನಾ ಕಾಲದಿಂದ ಟಾರ್ಪಾಲು ಹೊದ್ದು ಮಲಗಿತ್ತು. ಅದನ್ನು ತೊಳೆದು, ಬೋರ್‌ವೆಲ್ ನೀರು ತುಂಬಿ, ಅವರ ಮೊಮ್ಮಗಳ ಹುಟ್ಟುಹಬ್ಬಕ್ಕೆ ತೆರೆದುಕೊಡಲೆಂದು ನನ್ನನ್ನು ಗುಬ್ಬಿಯಿಂದ ಕರೆಸಿದ್ದರು. ಮಲಗಲು ಔಟ್‌ಹೌಸು. ಊಟ ದಾಕ್ಷಾಯಣಿಯ ಕೈಯದು. ಅವಳು ಆ ಮನೆಯ ಅಡುಗೆಯವಳು, ಕುಣಿಗಲ್ ಕಡೆಯವಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ನನ್ನ ಮನೆಯಲ್ಲೂ ದೀಪ ಹಚ್ಚುವವರಿರಲಿಲ್ಲ.

ಕೊಳ ತುಂಬಿದ ದಿನ ಅವಳು ಕೇಳಿದ್ದು ನೆನಪಿದೆ. "ನಮ್ಮೂರಲ್ಲಿ ಬಾವಿಗೆ ಸುಣ್ಣ ಹಾಕಿದ್ರೆ ಮುಗೀತಿತ್ತು. ನಿಮ್ದೇನು ಇಷ್ಟೊಂದು ಶಾಸ್ತ್ರ?"

"ಇದಕ್ಕೆ ಸುಣ್ಣ ಬಿದ್ರೆ ಕೆಟ್ಟೋಯ್ತದೆ, ದಾಕ್ಷಾಯಣಮ್ಮ. ಬೋರ್ ನೀರಲ್ಲಿ ಮೊದ್ಲೇ ಕ್ಷಾರ ಜಾಸ್ತಿ, ಅದಕ್ಕೇ ನಳಿಕೇಲಿ ಕೆಂಪು. ಆಸಿಡ್ ಹಾಕಿ ಇಳಿಸ್ಬೇಕು. ಅದು ಇಳೀದೆ ಎಷ್ಟು ಕ್ಲೋರಿನ್ ಸುರಿದ್ರೂ ದಂಡ."

"ಇಳಿದ್ಮೇಲೆ?"

"ನೀರು ತಿಳಿಯಾಯ್ತದೆ. ನಾನು ಗುಬ್ಬಿಗೆ."

ಅವಳು ಲೋಟ ಇಸಕೊಂಡು ಒಳಗೆ ಹೋಗಿದ್ದಳು.

ಅವತ್ತಿನಿಂದ ಶುರುವಾಯಿತು ನನ್ನ ಗ್ರಹಚಾರ. ಸಂಜೆ ಆಸಿಡ್ ಬೆರೆಸಿ ಮೋಟಾರು ಓಡಿಸಿದರೆ ಬಣ್ಣ ಸರಿಹೋಗುತ್ತಿತ್ತು. ಬೆಳಗಾದರೆ ಮತ್ತೆ ಕೆಂಪು, ಮೇಲೆ ಹಾಲಿನಂಥ ಮಬ್ಬು. ಹತ್ತಾರು ಕೊಳ ತೆರೆದವನು ನಾನು. ಕಣ್ಣು ಮಂಜಾಯಿತೋ, ಕಲಿತದ್ದೇ ಮರೆತೆನೋ!

ಗುರುಪ್ರಕಾಶ್ ಬಂದು ಕೊಳ ನೋಡಿ ಹಣೆ ಗಂಟಿಕ್ಕಿದರು. "ಚನ್ನವೀರಯ್ಯ, ನಾಳೆ ಸಂಜೆಯೊಳಗೆ ತಿಳಿಯಾಗ್ದಿದ್ರೆ ನೀವು ಹೊರಟುಬಿಡಿ. ಬೇರೆಯವ್ರನ್ನ ಕರೆಸ್ತೀನಿ."

ಅಡುಗೆಮನೆ ಬಾಗಿಲಲ್ಲಿ ದಾಕ್ಷಾಯಣಿ ನಿಂತಿದ್ದಳು. ಅವಳ ಮುಖ ಬಿಳಚಿಕೊಂಡಿದ್ದನ್ನು ಕಂಡೆ. ನನ್ನ ಮೇಲಿನ ಮರುಕವೆಂದುಕೊಂಡೆ.

ಮರುದಿನ ಬೆಳಕು ಹರಿಯುತ್ತಿದ್ದಂತೆಯೇ ಎದ್ದು ಹೋದೆ. ಕೊಳದ ಅಂಚಿನಲ್ಲಿ ಅವಳು ಕುಕ್ಕರುಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಕಾಂಪೌಂಡಿಗೆ ಬಳಿಯಲು ತಂದಿಟ್ಟಿದ್ದ ಸುಣ್ಣದ ಡಬ್ಬಿ. ಬಲಗೈ ತುಂಬ ಸುಣ್ಣ. ಆ ಕೈ ನೀರಿನ ಮೇಲೆ ಹಾಗೇ ನಿಂತಿತ್ತು, ಬಿಡಲೂ ಒಲ್ಲದು, ಹಿಂದಕ್ಕೆ ಬರಲೂ ಒಲ್ಲದು.

"ದಿನಾ ನೀವೇನಾ?"

ಅವಳು ಬೆಚ್ಚಲಿಲ್ಲ. ನೀರನ್ನೇ ನೋಡುತ್ತ ಬಿಕ್ಕಿದಳು. "ತಿಳಿಯಾದ್ರೆ ನೀವು ಹೋಯ್ತೀರ. ಆಗ್ದಿದ್ರೆ ಓಡಿಸ್ತಾರೆ. ಈಗ ನಾನೇನ್ ಮಾಡ್ಲಿ, ನೀವೇ ಹೇಳಿ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಂದು ಹನಿಯೂ ಕೊಳಕ್ಕೆ ಸಿಡಿಯದಂತೆ ಅವಳ ಕೈಹಿಡಿದು ತೋಟದ ನಲ್ಲಿಗೆ ಕರೆದೊಯ್ದು ತೊಳೆದೆ. ಸುಣ್ಣಕ್ಕೆ ಅಂಗೈಯೆಲ್ಲ ಬಿರಿದಿತ್ತು.

"ಬಾಯ್ಬಿಟ್ಟು ಹೇಳಬಾರದಿತ್ತಾ?"

"ನೀವು ಹೇಳಿದ್ರಾ?"

ನಾನು ನಲ್ಲಿ ನಿಲ್ಲಿಸಿದೆ. "ನೀರು ಕೆಂಪಾದಾಗ್ಲೆಲ್ಲ ಜೀವ ಹೋಗೋದು. ಆದ್ರೂ ಇನ್ನೊಂದಿನ ನಿಮ್ ಕೈಯೂಟ ಸಿಕ್ತದಲ್ಲ ಅಂತ ಒಳಗೊಳಗೇ..."

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

ಆಮೇಲೆ ನಳಿಕೆಯನ್ನು ಅವಳಿಗೇ ಕೊಟ್ಟೆ. ನೀರು ತುಂಬಿ, ಹನಿ ಬಿಟ್ಟು, ಎಳೆಬಿಸಿಲಿಗೆ ಎತ್ತಿ ಹಿಡಿದಳು.

"ಯಾವ ಬಣ್ಣ?"

"ಕೆಂಪು," ಎಂದಳು ತಟ್ಟನೆ.

"ದಾಕ್ಷಾಯಣಿ, ಸರಿಯಾಗಿ ನೋಡು."

ಅಷ್ಟು ದಿನದಲ್ಲಿ ಮೊದಲ ಸಲ ಹಾಗೆ ಕರೆದಿದ್ದೆ. ಅವಳ ಕಣ್ಣು ತುಂಬಿಬಂತು. "ಕಿತ್ತಳೆ," ಎಂದಳು, ಸೋತವಳಂತೆ.

ಕ್ಲೋರಿನ್ ಹಾಕಿ ಮೋಟಾರು ತಿರುಗಿಸಿದೆ. ಮಧ್ಯಾಹ್ನದ ಹೊತ್ತಿಗೆ ಕೊಳದ ತಳದ ನೀಲಿ ಟೈಲ್ಸು ಕಾಣತೊಡಗಿತು. ಅವಳು ಬಂದು ಪಕ್ಕದಲ್ಲಿ ನಿಂತಳು.

"ಗುಬ್ಬಿ ಮನೇಲಿ ಬಾವಿ ಐತಾ?"

"ಐತೆ. ಸೇದೋರಿಲ್ದೆ ಪಾಚಿ ಕಟ್ಟೈತೆ."

"ಅದಕ್ಕೆ ಸುಣ್ಣ ಹಾಕ್ಬೋದಾ?"

"ಅದಕ್ಕೆ ಹಾಕ್ಲೇಬೇಕು."

ಅವಳು ಡಬ್ಬಿಯ ಮುಚ್ಚಳ ಒತ್ತಿ, ಅದನ್ನು ಕಾಂಪೌಂಡಿನ ಬದಿಗೆ ಸರಿಸಿಟ್ಟಳು.

"ಇದು ಇಲ್ಲೇ ಇರ್ಲಿ. ನಮ್ಗೆ ಗುಬ್ಬೀಲೇ ತಗಳಾನ."