ಮುಂದಕ್ಕೆ ಎಳೆದ ಸೀಟು

2024ರ ಡಿಸೆಂಬರ್ 5, ಗುರುವಾರ, ಬೆಳಿಗ್ಗೆ 11 ಗಂಟೆ 40 ನಿಮಿಷ. ಸಿಂದಗಿ ಠಾಣೆಯ ಮೆಟ್ಟಿಲೇರಿ ಬಂದ ಡಾಕ್ಟರ್ ಅಬಿದಾ ಅವರ ದುಪಟ್ಟಾದ ಮೇಲೆ ರಕ್ತವಿತ್ತು. ಊರಲ್ಲಿ ಅವರದೊಂದು ಚಿಕ್ಕ ದವಾಖಾನೆ. ಠಾಣೆಯ ಅರ್ಧ ಜನ ಅವರ ಕೈಗುಣ ಕಂಡವರೇ. ಹೆಡ್ ಕಾನ್‌ಸ್ಟೇಬಲ್ ಮುತ್ತುರಾಜ ಗಡಬಡಿಸಿ ಎದ್ದು ಕುರ್ಚಿ ಸರಿಸಿದ.

“ದೂರು ಕೊಡಬೇಕ್ರಿ.”

“ಯಾರ ಮ್ಯಾಲ್ರಿ?” ಪಿಎಸ್‌ಐ ಪಲ್ಲವಿ ಕೇಳಿದರು.

“ಗೊತ್ತಿಲ್ರಿ. ನನ್ನ ಮ್ಯಾಲೂ ಇರಬಹುದು.”

ಪಲ್ಲವಿ ಪೆನ್ನು ಕೆಳಗಿಟ್ಟು ಮೊದಲು ನೀರು ತರಿಸಿದರು. ನಂತರ ಬರೆದುಕೊಂಡ ಹೇಳಿಕೆಯ ಸಾರ ಇಷ್ಟು. ಬೆಳಿಗ್ಗೆ 9.20ಕ್ಕೆ ಡಾಕ್ಟರು ತಾವೇ ಕಾರು ನಡೆಸಿಕೊಂಡು ದೇವರ ಹಿಪ್ಪರಗಿಗೆ ಹೊರಟಿದ್ದರು. ಹಿಂದಿನ ಸೀಟಿನಲ್ಲಿ ತಾಯಿ ಜೈತುನಬಿ, ವಯಸ್ಸು 68. ಊರು ದಾಟಿ ಆರು ಕಿಲೋಮೀಟರಿಗೆ ಗಾಡಿ ಒಂದು ಕುಣಿಗೆ ಇಳಿದಿದ್ದೇ ತಡ, ಎಂಜಿನ್ ಆಫ್ ಆಯಿತು. ಹಿಂದಿದ್ದ ಕಬ್ಬಿನ ಟ್ರ್ಯಾಕ್ಟರ್ ಬಂದು ಬಡಿಯಿತು. ತಾಯಿಯ ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದೆ; ಊರಿನ ದೊಡ್ಡಾಸ್ಪತ್ರೆಯ ಐಸಿಯುನಲ್ಲಿದ್ದಾರೆ.

“ಹಿಂದ ಯಾವಾಗರೆ ಹಿಂಗ ಆಗಿತ್ತೇನ್ರಿ?”

“ಮೂರು ತಿಂಗಳಾಗ ಏಳು ಸಲ ನಿಂತೈತ್ರಿ. ಮೂರು ಗ್ಯಾರೇಜಿಗೆ ತೋರಿಸೇನಿ. ಗಾಡ್ಯಾಗ ಏನೂ ದೋಷ ಇಲ್ಲ, ನೀವ ಕ್ಲಚ್ ತಪ್ಪಿ ಬಿಡ್ತೀರಿ ಅಂದ್ರು. ಮಂದಿ ಹೇಳಿ ಹೇಳಿ ನನಗೂ ಹಂಗ ಅನಸಾಕತ್ತೈತಿ.” ಅವರು ನೀರಿನ ಲೋಟ ಪಕ್ಕಕ್ಕೆ ಸರಿಸಿದರು. “ನನಗ ಒಂದ ಬೇಕ್ರಿ ಮೇಡಂ. ನಮ್ಮ ಅಮ್ಮಿಗೆ ಹಿಂಗ ಮಾಡಿದ್ದು ಗಾಡಿಯೋ, ನನ್ನ ಕೈಯೋ ಹೇಳ್ರಿ.”

ಎಫ್‌ಐಆರ್ ಟ್ರ್ಯಾಕ್ಟರ್ ಚಾಲಕ ಶಂಕ್ರೆಪ್ಪನ ಮೇಲೆ ದಾಖಲಾಯಿತು. ಡಾಕ್ಟರು ಹೊರಟ ಮೇಲೆ ಮುತ್ತುರಾಜ ಗೊಣಗಿದ: “ಹೆಣ್ಣಮಕ್ಕಳ ಕೈಯಾಗ ಗಾಡಿ ಕೊಟ್ರ...” ಅಷ್ಟರಲ್ಲಿ ಎದುರಿಗಿರುವವರು ಯಾರೆಂಬುದು ನೆನಪಾಗಿ, ಮಾತು ನುಂಗಿಕೊಂಡು ಫೈಲು ಹುಡುಕುವ ನೆಪದಲ್ಲಿ ಒಳಗೆ ಹೋದ. ಜೀಪು ಓಡಿಸುವುದರಲ್ಲಿ ಬಸವನ ಬಾಗೇವಾಡಿಯ ಪಲ್ಲವಿಯವರನ್ನು ಮೀರಿಸುವವರು ಆ ಠಾಣೆಯಲ್ಲಿರಲಿಲ್ಲ.

ಮಧ್ಯಾಹ್ನ 2.15ಕ್ಕೆ ಶಂಕ್ರೆಪ್ಪನ ವಿಚಾರಣೆ.

“ಅಂತರ ಬಿಟ್ಟಿದ್ದೇನು?”

“ಬಿಟ್ಟಿದ್ದೆರಿ. ಆದ್ರ ನಡುದಾರ್ಯಾಗ ಗಕ್ಕನ ನಿಧಾನ ಆತ್ರಿ. ಹಿಂದಿನ ಕೆಂಪು ಲೈಟ್ ಸೈತ ಹತ್ತಲಿಲ್ಲ. ಹತ್ತಿದ್ರ ನಾ ಬ್ರೇಕ್ ಒತ್ತತಿದ್ದೆ.”

ಅವನು ತಾನು ಪಾರಾಗಲು ಆಡಿದ ಮಾತು ಡಾಕ್ಟರ ಪರವಾಗಿತ್ತು. ಬ್ರೇಕ್ ಒತ್ತದೆ ಓಡುತ್ತಿದ್ದ ಗಾಡಿಯಲ್ಲಿ ಕ್ಲಚ್ ತಪ್ಪುವುದಿಲ್ಲ; ಎಂಜಿನ್ ತಾನಾಗಿಯೇ ಸತ್ತಿರಬೇಕು. ಪಲ್ಲವಿ ಆ ಸಾಲಿನ ಕೆಳಗೆ ಗೆರೆ ಎಳೆದರು.

ಮರುದಿನ ಬೆಳಿಗ್ಗೆ 10 ಗಂಟೆ. ಠಾಣೆಯ ಅಂಗಳಕ್ಕೆ ಎಳೆದು ತಂದ ಬಿಳಿ ಕಾರಿನ ಹಿಂಭಾಗ ನುಜ್ಜುಗುಜ್ಜಾಗಿತ್ತು. ಗಾಲಿಗಳು ಮಾತ್ರ ತಿರುಗುತ್ತಿದ್ದವು. ಇಂಡಿ ಪಟ್ಟಣದಿಂದ ಮೆಕ್ಯಾನಿಕ್ ಅಯೂಬನನ್ನು ಕರೆಸಿದ್ದರು. ಆರಡಿ ಆಳು, ಮಾತು ಕಡಿಮೆ. ಬ್ಯಾಟರಿ ನೋಡಿದ, ಪ್ಲಗ್ ಬಿಚ್ಚಿದ, ಸ್ಕ್ಯಾನರ್ ಹಚ್ಚಿದ, ವೈರಿನ ಒಂದೊಂದು ಗೊಂಚಲನ್ನೂ ಅಲುಗಾಡಿಸಿದ. ಅಂಗಳದಲ್ಲಿ ಮೂರು ಸುತ್ತು ಹಾಕಿದ. ಗಟಾರದ ಮೇಲಿನ ಕಲ್ಲಿಗೆ ಬೇಕಂತಲೇ ಕುಕ್ಕಿಸಿದ. ಕಾರು ಜಗ್ಗಲಿಲ್ಲ.

“ಗಾಡಿ ಸಾಫ್ ಐತ್ರಿ.”

“ಇಳೀರಿ. ನಾ ನೋಡ್ತೇನಿ.”

ಪಲ್ಲವಿಯವರ ಎತ್ತರ ಐದಡಿ ಎರಡಿಂಚು, ಹೆಚ್ಚುಕಡಿಮೆ ಡಾಕ್ಟರಷ್ಟೇ. ಕುಳಿತರೆ ಕಾಲು ಕ್ಲಚ್ಚಿಗೆ ಎಟುಕಲಿಲ್ಲ. ಸೀಟನ್ನು ಮುಂದಕ್ಕೆ ಎಳೆದುಕೊಂಡು ಹೊರಟರು. ಎರಡನೆಯ ಸುತ್ತಿನಲ್ಲಿ ಅದೇ ಕಲ್ಲಿನ ಮೇಲೆ ಎಂಜಿನ್ ನಿಂತಿತು. ಕೀ ತಿರುವಿದರೆ ಬರೀ ಕಿರ್ ಕಿರ್. ಮುತ್ತುರಾಜ ಆಕಾಶ ನೋಡಿದ. ಅಯೂಬ ಓಡಿ ಬಂದು, ಅವರನ್ನು ಇಳಿಸಿ, ತಾನು ಕುಳಿತು ಕೀ ತಿರುವಿದ. ಒಂದೇ ಸಲಕ್ಕೆ ಚಾಲೂ ಆಯಿತು.

“ಈಗ ಏನ್ ಮಾಡಿದ್ರಿ?”

“ಏನೂ ಇಲ್ರಿ. ಕೀ ತಿರುವೇನಿ.”

“ಅದಕ್ಕಿಂತ ಮೊದಲ?”

ಅಯೂಬ ತನ್ನ ಉದ್ದ ಕಾಲುಗಳನ್ನೇ ನೋಡಿಕೊಂಡ. “ಸೀಟ್ ಹಿಂದ ಸರಿಸೇನ್ರಿ.” ಹೇಳುತ್ತಿದ್ದಂತೆ ಅವನ ಮುಖದ ಬಣ್ಣವೇ ಬದಲಾಯಿತು. ಮೂರು ಗ್ಯಾರೇಜಿನ ಗಂಡಸರೂ ಕಾರಿನಲ್ಲಿ ಕೂರುವ ಮುನ್ನ ಮಾಡಿದ ಮೊದಲ ಕೆಲಸ ಅದೇ. ದೋಷವನ್ನು ಮುಚ್ಚಿಟ್ಟು ಆಮೇಲೆ ದೋಷ ಹುಡುಕಿದ್ದರು.

ಪಂಚ ಸಾಕ್ಷಿಗಳಾಗಿ ಚಹಾದಂಗಡಿಯ ಜುಲ್ಫಿಕರನನ್ನೂ ಅವನ ಗಿರಾಕಿಯೊಬ್ಬನನ್ನೂ ಕರೆದು ಸೀಟು ಬಿಚ್ಚಿಸಿದರು. ಪೆಟ್ರೋಲ್ ಪಂಪಿಗೆ ಕರೆಂಟ್ ಒಯ್ಯುವ ವೈರನ್ನು ಯಾರೋ ಕತ್ತರಿಸಿ, ಎರಡು ತುದಿಗಳನ್ನು ಒಂದರೊಳಗೊಂದು ಸುಮ್ಮನೆ ತುರುಕಿದ್ದರು. ಒಂದು ತುದಿಯನ್ನು ಸೀಟಿನೊಂದಿಗೆ ಸರಿಯುವ ಕಂಬಿಗೆ ನೈಲಾನಿನ ಕರಿದಾರದಿಂದ ಕಟ್ಟಿತ್ತು. ಸೀಟು ಹಿಂದಿದ್ದರೆ ತುದಿಗಳು ಕೂಡಿರುತ್ತಿದ್ದವು. ಮುಂದೆ ಎಳೆದರೆ ವೈರು ಬಿಗಿದು, ಕುಣಿಯೊಂದು ಸಿಕ್ಕಾಗ ಸಂಪರ್ಕ ತಪ್ಪುತ್ತಿತ್ತು. ಗಿಡ್ಡ ಕಾಲಿನವರಿಗೆ ಮಾತ್ರ ಕೈಕೊಡುವ ಕಾರು. ಪಲ್ಲವಿಯವರಿಗೆ ಸಿಟ್ಟು ನೆತ್ತಿಗೇರಿತು.

“ಇದು ಮೆಕ್ಯಾನಿಕ್ ಕೈ ಅಲ್ರಿ,” ಅಯೂಬ ಹೇಳಿದ. “ನಾವು ಟೇಪ್ ಸುತ್ತತೇವಿ. ನಮ್ಮ ಕಡಿ ಬಿಸಿಲಿಗೆ ಟೇಪಿನ ಅಂಟು ಕರಗತೈತಿ ಅಂತ ಹೇಳಿ ದಾರ ಕಟ್ಟವ್ರು ಹಳೇ ಡ್ರೈವರಗೋಳು.”

ದಾರಕ್ಕೆ ಎರಡು ಸುತ್ತು ಹಾಕಿ, ಪಕ್ಕಕ್ಕೆ ಜಗ್ಗಿ ಗಂಟು ಬಿಗಿದಿತ್ತು. ಎಳೆ ಬಿಚ್ಚಬಾರದೆಂದು ತುದಿಯನ್ನು ಬೆಂಕಿಗೆ ಹಿಡಿದು ಸಣ್ಣ ಮಣಿಯಂತೆ ಉಂಡೆ ಮಾಡಿತ್ತು. ಪಲ್ಲವಿ ಅದನ್ನೇ ದಿಟ್ಟಿಸುತ್ತ ಕಾರಿನ ಮುಂದೆ ಬಂದರು. ಬಂಪರಿಗೆ ಲಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತಿದ್ದವು. ಅದೂ ಕರಿದಾರ. ಎರಡು ಸುತ್ತು, ಪಕ್ಕಕ್ಕೆ ಗಂಟು, ತುದಿಗೆ ಉಂಡೆ.

“ಮುತ್ತುರಾಜ, ಗಂಟು ಉಳಿಸಿ ಇದನ್ನ ಕತ್ತರಿಸು.”

“ಮೇಡಂ, ದೃಷ್ಟಿಗೆ ಕಟ್ಟಿದ್ದು... ಮುಟ್ಟಬಾರದ್ರಿ.”

“ಹಂಗಾರ ನಾ ಕತ್ತರಸ್ತೇನಿ, ನೀ ಬರಕೋ. ಲಿಂಬಿಹಣ್ಣು ಒಂದು, ಮೆಣಸಿನಕಾಯಿ ಐದು.”

ಎರಡೂ ಗಂಟುಗಳು ಬೇರೆ ಬೇರೆ ಲಕೋಟೆ ಸೇರಿ, ಪಂಚನಾಮೆ 12.50ಕ್ಕೆ ಮುಗಿಯಿತು.

ಪಲ್ಲವಿ ಡಾಕ್ಟರಿಗೆ ಫೋನ್ ಮಾಡಿದರು. “ಗಾಡಿಗೆ ಲಿಂಬಿಹಣ್ಣ ಯಾರು ಕಟ್ಟತಾರ್ರಿ?”

“ನಮ್ಮ ಗುರಲಿಂಗಣ್ಣ. ಅಬ್ಬಾನ ಗಾಡಿ ಇಪ್ಪತ್ತೆರಡು ವರ್ಷ ಹೊಡದಾನ. ಅಬ್ಬಾ ಹೋದ ಮ್ಯಾಲೆ ನಾನ ಗಾಡಿ ಕಲತೆ. ಕೆಲಸ ಬಿಟ್ಟರೂ ಅಮಾಸಿಗೊಮ್ಮೆ ಬಂದು ತೊಳದು ಕಟ್ಟಿ ಹೋಗ್ತಾನ. ಮೊನ್ನೆ ಅಮಾಸಿಗೂ ಬಂದಿದ್ದ.”

“ಗಾಡಿ ನಿಂತಾಗ ಯಾರನ್ನ ಕರೀತಿದ್ರಿ?”

“ಅವನ್ನ. ಬಂದು ಕುಂತು ಕೀ ತಿರುವಿದ್ರ ಸಾಕು, ಚಾಲೂ. ಗಾಡಿ ನನ್ನ ಮಾತ ಕೇಳತೈತಿ ನೋಡವ್ವಾ ಅಂತಿದ್ದ.” ಡಾಕ್ಟರು ದನಿ ತಗ್ಗಿಸಿದರು. “ಮೇಡಂ, ನಿನ್ನೆ ಅಮ್ಮಿನ್ನ ಎತ್ತಿಕೊಂಡು ದವಾಖಾನಿಗೆ ತಂದಾವ ಅವನ. ಈಗೂ ಇಲ್ಲೇ ಬಾಗಲದಾಗ ಕುಂತಾನ.”

ಮಧ್ಯಾಹ್ನ 3.30. ಐಸಿಯು ಹೊರಗಿನ ಬೆಂಚಿನ ಮೇಲೆ ಎತ್ತರದ ಮುದುಕ. ಅಂಗಿಯ ಮೇಲಿನ ಕಲೆ ತೊಳೆದಿರಲಿಲ್ಲ. ಪೊಲೀಸರನ್ನು ಕಂಡು ಎದ್ದು ನಿಂತ. ಪಲ್ಲವಿ ಲಕೋಟೆ ತೆರೆದು ದಾರ ತೋರಿಸಿದರು.

“ಗಂಟು ಯಾರದು?”

“ನಂದ್ರಿ.”

“ಯಾಕ?”

“ರೋಡಿನ ಮಗ್ಗಲಿಗೆ ನಿಲ್ಲತೈತಿ ಅಂತ ತಿಳದಿದ್ದೆರಿ. ಏಳೂ ಸಲ ಮಗ್ಗಲಿಗೇ ನಿಂತಿತ್ತು. ಹಿಂದ ಟ್ರ್ಯಾಕ್ಟರ್ ಬರತೈತಿ ಅಂತ...”

“ಅದನ್ನ ಕೇಳಿಲ್ಲ ನಾ. ಯಾಕ ಮಾಡಿದಿ?”

“ಪಗಾರ ಬ್ಯಾಡ, ಬರೇ ಕರೀರಿ ಅಂದಿದ್ದೆರಿ. ವಯಸ್ಸಾತು, ಆರಾಮ ಇರಣ್ಣಾ ಅಂದ್ರು. ಇಪ್ಪತ್ತೆರಡು ವರ್ಷ ಹೊತ್ತು ಮೂಡಿದ್ರ ಆ ಮನಿ ಮುಂದ ನಿಂತಾವ ನಾ. ಆರಾಮ ಹೆಂಗ ಇರೋದು ನನಗ ಗೊತ್ತಿಲ್ರಿ. ಗಾಡಿ ನಿಂತ್ರ ಫೋನ್ ಬರತಿತ್ತು, ‘ಗುರಲಿಂಗಣ್ಣಾ, ಎಲ್ಲಿದ್ದಿ?’ ಅಂತ.”

4.05ಕ್ಕೆ ದಸ್ತಗಿರಿ. ಪ್ರಕರಣಕ್ಕೆ ಹೊಸ ಕಲಂಗಳು ಸೇರಿದವು. ಬಾಗಿಲ ಬಳಿ ಡಾಕ್ಟರ್ ಅಬಿದಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ನಿಮ್ಮ ಕೈ ತಪ್ಪಿರಲಿಲ್ರಿ,” ಪಲ್ಲವಿ ಹೇಳಿದರು.

ಅವರು ತಲೆಯಾಡಿಸಿದರು, ಆಮೇಲೆ ಗೋಡೆಗೆ ಮುಖ ಮಾಡಿ ಅತ್ತರು. ಮೂರು ತಿಂಗಳಿಂದ ಬೇಕಿದ್ದ ಮಾತು ಸಿಕ್ಕಿತ್ತು, ಆದರೆ ಅದಕ್ಕೆ ತೆತ್ತ ಬೆಲೆ ಗುರಲಿಂಗಣ್ಣನಾಗಿದ್ದ. ಮುತ್ತುರಾಜ ಕೈದಿಯ ತೋಳು ಹಿಡಿಯುವ ಬದಲು ಬೆನ್ನ ಮೇಲೆ ಕೈಯಿಟ್ಟು ಕರೆದೊಯ್ದ.

ಡಿಸೆಂಬರ್ 9, ಸೋಮವಾರ ಬೆಳಿಗ್ಗೆ 8.20ಕ್ಕೆ ಜೈತುನಬಿಗೆ ಎಚ್ಚರವಾಯಿತು. ಹೇಳಿಕೆ ಪಡೆಯಲು ಪಲ್ಲವಿ ಹೋದರು. ಮುದುಕಿ ಮಗಳ ಮುಖ ಮುಟ್ಟಿ ನೋಡಿ, ಆಮೇಲೆ ಬಾಗಿಲ ಕಡೆ ಕಣ್ಣು ಹಾಯಿಸಿ ಕೇಳಿದಳು:

“ಗುರಲಿಂಗ ಉಂಡಾನೇನು?”

ಪಲ್ಲವಿ ಆ ಪ್ರಶ್ನೆಯನ್ನು ಬಿಟ್ಟು, ಹೇಳಿಕೆಯನ್ನು ಎರಡನೆಯ ಮಾತಿನಿಂದ ಬರೆದುಕೊಂಡರು.