ಐದು ವೋಲ್ಟಿನ ನೆಪ

"ಸುಳ್ಳು ಹೇಳ್ತೈತೆ ಕಣ್ರೀ ನಿಮ್ ಡಬ್ಬ!"

ಅಂಗಡಿಗೆ ಕಾಲಿಟ್ಟು ಐದು ನಿಮಿಷವಾಗಿಲ್ಲ, ಆ ಮನುಷ್ಯ ಆಡಿದ ಮೊದಲ ಮಾತೇ ಇದು! ಪುಷ್ಪಲತಾಗೆ ಮೈಯೆಲ್ಲ ಉರಿದುಹೋಯಿತು.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ತೋಟದ ಮೋಟರುಗಳ ಸ್ಟಾರ್ಟರ್ ಬೋರ್ಡು ರಿಪೇರಿ ಮಾಡುವವಳು ಅವಳು. ಬೋರ್ಡಿಗೆ ವೋಲ್ಟೇಜನ್ನು ಚೂರು ಚೂರೇ ಏರಿಸಿ ನೋಡಬೇಕು. ಅಂಥ ಪವರ್ ಸಪ್ಲೈ ಕೊಳ್ಳಲು ಹೋದರೆ ಕೈ ಸುಡುತ್ತದೆ. ಅದಕ್ಕೇ ಕೆಟ್ಟ ಕಂಪ್ಯೂಟರಿನ ಸಾಮಾನು ಸೇರಿಸಿ, ವೋಲ್ಟಿನ ನೂರನೇ ಒಂದು ಪಾಲಿನಷ್ಟು ಏರಿಳಿಸಬಲ್ಲ ಸಪ್ಲೈ ಡಬ್ಬವೊಂದನ್ನು ತಾನೇ ಕಟ್ಟಿದ್ದಳು. ಅದನ್ನು ನೋಡಲು ಬಂದಿದ್ದ ಈ ಮನುಷ್ಯ, ತಿಪಟೂರಿನ ತರಬೇತಿ ಕೇಂದ್ರದ ಮೇಷ್ಟ್ರು ರುದ್ರೇಶ್, ಒಪ್ಪಿದರೆ, ಅಲ್ಲಿನ ಮಕ್ಕಳ ಮೇಜಿಗೆಲ್ಲ ಅದೇ!

ಆದರೆ ಡಬ್ಬ 5.00 ಎಂದರೆ ಅವನ ಮೀಟರು 5.04 ಎನ್ನುತ್ತಿತ್ತು. ಅವಳ ಮುಳ್ಳಿನ ಮೀಟರಿನಲ್ಲಿ ಅಷ್ಟು ಸಣ್ಣ ವ್ಯತ್ಯಾಸ ಕಾಣುತ್ತಿರಲಿಲ್ಲ. ತಿರುಪು ತಿರುಗಿಸಿ ಸರಿಮಾಡಿದಳು. ಎರಡು ದಿನ ಬಿಟ್ಟು ಬಂದಾಗ 5.05! ಸರಿಮಾಡಿದಳು. ಮತ್ತೆ ಬಂದ, ಮತ್ತೆ ಹೆಚ್ಚು...

ಮೂರು ವಾರ ಇದೇ ಆಯಿತು. ಬೆಸುಗೆ ಬಿಚ್ಚಿದಳು, ಹಾಕಿದಳು, ಹೈರಾಣಾದಳು. 'ನನ್ನ ತಪ್ಪು ಹುಡುಕೋಕೇ ಬರ್ತಾನೆ...' ಅಂದುಕೊಂಡಳು. ಅವನು ಬಾರದ ದಿನ ಮಾತ್ರ ಬಸ್ಸುಗಳ ಕಡೆ ನೋಡುತ್ತಿದ್ದಳಲ್ಲ, ಅದಕ್ಕೇನೆನ್ನೋಣ!

ಕೊನೆಗೊಂದು ಮಧ್ಯಾಹ್ನ ರುದ್ರೇಶ್ ಬಂದಾಗ ಅವಳು ಮುಚ್ಚಳದ ಸ್ಕ್ರೂ ಬಿಚ್ಚುತ್ತಿದ್ದಳು.

"ಏನ್ ಮಾಡ್ತಿದೀರಾ?"

"ಕಳಚಿ ಹಾಕ್ತಿದೀನಿ. ನನ್ ಕೈಲಾಗಲ್ಲ... ಸಾಕಾಗೋಯ್ತು."

"ತಡೀರಿ! ತಪ್ಪು ನಿಮ್ದಲ್ಲ ಕಣ್ರೀ... ನಂದು."

ಮೀಟರನ್ನು ಮೇಜಿನ ಮೇಲಿಟ್ಟು, ಅದರ ಒಡೆದ ಗಾಜಿನ ಮೂಲೆಗೆ ಅಂಟಿಸಿದ್ದ ಟೇಪನ್ನು ಕಿತ್ತ. ಅಡಿಯಲ್ಲಿ ಬ್ಯಾಟರಿ ಮುಗಿದ ಗುರುತು ಕಾಣುತ್ತಿತ್ತು.

"ಸೆಲ್ಲು ಇಳಿದಷ್ಟೂ ಇದು ಜಾಸ್ತಿ ತೋರಿಸ್ತಿತ್ತು. ನಿನ್ನೆ ಹೊಸ ಮೀಟರ್ ಪಕ್ಕದಲ್ಲಿಟ್ಟಾಗ ಗೊತ್ತಾಯ್ತು."

ಹೊಸ ಸೆಲ್ಲು ಹಾಕಿದ. ಅವಳು ತಿರುಪು ತಿರುಗಿಸಿದಳು. ಡಬ್ಬದಲ್ಲೂ ಮೀಟರಿನಲ್ಲೂ 5.00. ಅರ್ಧ ಗಂಟೆ ಇಬ್ಬರೂ ಕಾದರು. ಕೊನೆಯ ಸೊನ್ನೆ ಅಲ್ಲಾಡಲಿಲ್ಲ.

ಪುಷ್ಪಲತಾಗೆ ಅಳು ಬಂದುಬಿಟ್ಟಿತು. "ಮೂರ್ ವಾರ ನೆಟ್ಟಗೆ ನಿದ್ದೆ ಇಲ್ಲ ನಂಗೆ! ಒಂದಿನಾನಾದ್ರೂ ಮೀಟರ್ ಮೇಲೆ ಅನುಮಾನ ಬರ್ಲಿಲ್ವಾ?"

"ಬರಬೇಕಿತ್ತು..." ಅವನು ತಲೆ ತಗ್ಗಿಸಿದ. "ಇದು ಸರಿಹೋಗ್ಬುಟ್ರೆ ಇಲ್ಲಿಗೆ ಏನ್ ನೆಪ ಹೇಳ್ಕೊಂಡ್ ಬರ್ಲಿ ಅನ್ನೋದೇ ಯೋಚ್ನೆ ಆಗಿತ್ತು. ನಿಮ್ಮುನ್ನ ನೋಡೋ ಆಸೇಲಿ ಮೀಟರ್ ನೋಡ್ಲಿಲ್ಲ ಕಣ್ರೀ."

ಅವಳಿಗೆ ಚೆನ್ನಾಗಿ ಬೈಯಬೇಕು ಎನಿಸಿತು. ಬೈಯಲು ತ್ರಾಣವಿರಲಿಲ್ಲ. ನಿಜ ಹೇಳಬೇಕೆಂದರೆ ಮನಸ್ಸೂ ಇರಲಿಲ್ಲ.

"ನೆಪ ಯಾಕೆ ಬೇಕಿತ್ತು... ನಾನೂ ದಾರಿ ನೋಡ್ತಿದ್ದೆ," ಎಂದಳು ಮೆಲ್ಲಗೆ. "ಈಗೊಂದ್ ಗಳಿಗೆ ಮಲಗ್ತೀನಿ. ಅಂಗಡಿ ನೋಡ್ಕೊತೀರಾ?"

ಮೇಜಿನ ಮೇಲೇ ತಲೆಯಿಟ್ಟು ಕಣ್ಣು ಮುಚ್ಚಿದಳು. ರುದ್ರೇಶ್ ಸದ್ದಾಗದಂತೆ ಸ್ಟೂಲು ಎಳೆದುಕೊಂಡು ಕೂತ.

"ಯಾರಾದ್ರೂ ಬಂದ್ರೆ ಏನ್ ಹೇಳ್ಲಿ?"

ಅವಳು ಕಣ್ಣು ತೆರೆಯಲಿಲ್ಲ.

"ನಮ್ಮನೆಯವ್ರು ಮಲಗವ್ರೆ ಅನ್ನಿ."