ಹಿಂದಿನ ಗಾಲಿಯ ಬಾಣ

“ಹಗ್ಗದ ಎಳೆತ ಎರಡೂ ಕಡೆ ಒಂದ ಹೆಂಗ ಆಕೈತ್ರಿ? ಆ ರಾಟೆಗೆ ತೂಕ ಇಲ್ಲೇನ್ರಿ?”

ಕಪ್ಪುಹಲಗೆಯ ಮುಂದಿದ್ದ ಮಹಾಂತೇಶನ ಕೈ ಅಲ್ಲೇ ನಿಂತಿತು. ಹಿಂದಿನ ಬೆಂಚಿನಿಂದ ಇಷ್ಟು ಖಡಕ್ಕಾಗಿ ಕೇಳಿದವರು ಯಾರೆಂದು ತಿರುಗಿ ನೋಡಿದ.

ಮಯೂರಿ. ಯಮಕನಮರಡಿಯವಳು. ಎಂ.ಎಸ್ಸಿ. ಮುಗಿಸಿ ಪಿಯು ಉಪನ್ಯಾಸಕರ ಪರೀಕ್ಷೆಗೆ ಓದಲೆಂದು ಗೋಕಾಕದ ಈ ಓದುವ ಕೋಣೆಗೆ ಅಂದೇ ಮೊದಲು ಬಂದಿದ್ದಳು.

ಬೇರೆಯವರಾಗಿದ್ದರೆ ವಾದಕ್ಕೆ ಇಳಿಯುತ್ತಿದ್ದರು. ಇವನು ತಾನು ಬರೆದದ್ದನ್ನು ಅಂಗೈಯಿಂದ ಒರೆಸಿ ಚಾಕ್‌ಪೀಸನ್ನು ಅವಳತ್ತ ಚಾಚಿದ.

“ಖರೆ ಐತ್ರಿ. ಬರ್ರಿ, ನೀವ ಬಿಡಸ್ರಿ.”

ತಪ್ಪನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಗಂಡಸನ್ನು ಮಯೂರಿ ಅದುವರೆಗೆ ಕಂಡಿರಲಿಲ್ಲ. ಲೆಕ್ಕವನ್ನೇನೋ ಸರಿಯಾಗಿ ಬಿಡಿಸಿದಳು... ಮನಸ್ಸು ಮಾತ್ರ ಅವಳ ಮಾತು ಕೇಳಲಿಲ್ಲ.

ಅಂದಿನಿಂದ ಒಂದೇ ಮೇಜಿಗೆ ಮೂವರು. ಮಯೂರಿ, ಗೋಕಾಕ ಫಾಲ್ಸ್‌ನ ಮಹಾಂತೇಶ, ಮತ್ತು ಅವನೊಂದಿಗೆ ಡಿಗ್ರಿ ಓದಿದ್ದ ಮೂಡಲಗಿಯ ಕಾಜಲ್. ಪಿಯು ಭೌತಶಾಸ್ತ್ರದ ಕಠಿಣ ಲೆಕ್ಕಗಳನ್ನೇ ಹುಡುಕಿ ತಂದು ಬಿಡಿಸುತ್ತಿದ್ದರು. ಅವರಲ್ಲಿ ಒಂದು ಪದ್ಧತಿಯಿತ್ತು. ಒಬ್ಬರು ಬಿಡಿಸಿದ್ದನ್ನು ಇನ್ನೊಬ್ಬರು ನೋಡಿ, ಸರಿಯಿದ್ದರೆ ಮೂಲೆಯಲ್ಲಿ ಸಹಿ ಹಾಕಬೇಕು. ಸಹಿ ಬಿದ್ದ ಮೇಲೆ ಅದನ್ನು ಯಾರೂ ಮತ್ತೆ ಅನುಮಾನಿಸುವಂತಿಲ್ಲ.

ಎಲ್ಲ ಚೆನ್ನಾಗಿಯೇ ಇತ್ತು, ಮಯೂರಿಯ ಹೊಟ್ಟೆಯೊಳಗಿನ ಉರಿಯೊಂದನ್ನು ಬಿಟ್ಟು.

ಮಯೂರಿಯ ಹಾಳೆ ಬಂದರೆ ಮಹಾಂತೇಶ ಮೇಲಿಂದ ಕೆಳಗೆ ಕಣ್ಣಾಡಿಸಿ, ಸಹಿ ಹಾಕಿ, “ಸರಿ ಐತ್ರಿ” ಎಂದು ಹಿಂದಿರುಗಿಸುತ್ತಿದ್ದ. ಅಷ್ಟೇ. ಕಾಜಲ್‌ಳ ಹಾಳೆ ಬಂದರೆ ಮಾತ್ರ ಕುರ್ಚಿ ಎಳೆದು ಅವಳ ಬಾಜೂ ಕೂರುತ್ತಿದ್ದ.

“ಅಲ್ಲ ಕಾಜಲ್, ಲಿಫ್ಟ್ ಕೆಳಗ ಬರಾಕತ್ತೈತಿ. ನೀ ಅದನ್ನ ಮ್ಯಾಲ ಕಳಿಸಿಬಿಟ್ಟೀಯಲ್ಲ!”

ಕಾಜಲ್ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಅವನೂ ನಗುತ್ತಿದ್ದ.

‘ಆಕಿಗೆ ಕಥೀ, ನನಗ ಬರೇ ಸಹಿ. ನಾ ಏನು ಬ್ಯಾಂಕಿಗೆ ಬಂದೇನೇನು?’ ಮಯೂರಿ ಹಲ್ಲು ಕಚ್ಚುತ್ತಿದ್ದಳು. ಸಂಜೆ ಬಸ್ಸಿನಲ್ಲೂ ಅದೇ ನಗು ಕಿವಿಯಲ್ಲಿ. ಮನೆಯಲ್ಲಿ ಅವ್ವ ರೊಟ್ಟಿ ಬಡಿಸಿದರೆ, “ಹಸಿವಿಲ್ಲಬೇ” ಎಂದು ಎದ್ದುಬಿಡುತ್ತಿದ್ದಳು. ಹೊಟ್ಟೆಕಿಚ್ಚಿಗೆ ಓದಿದವರು, ಓದದವರು ಎಂಬ ಭೇದ ಎಲ್ಲಿದೆ ಹೇಳಿ?

ಹೀಗಿರುವಾಗ ಕಾಜಲ್‌ಗೆ ಹುಕ್ಕೇರಿಯ ಒಂದು ಕಾಲೇಜಿನಿಂದ ಕರೆ ಬಂತು. ಮರುದಿನ ಬೆಳಿಗ್ಗೆ ಅಲ್ಲಿ ಪಾಠ ಮಾಡಿ ತೋರಿಸಬೇಕು. ವಿಷಯ ಘರ್ಷಣೆ. ಅವಳು ಪೆಡಲ್ ತುಳಿಯುತ್ತಿರುವ ಸೈಕಲ್ಲಿನ ಚಿತ್ರ ಬರೆದು ಮಯೂರಿಯ ಮುಂದಿಟ್ಟಳು.

“ಮಯೂರಿ, ಇದೊಂದು ನೋಡಿ ಸಹಿ ಮಾಡು. ನಿನ್ನ ಸಹಿ ಇದ್ರ ನನಗ ಧೈರ್ಯ.”

ಮಯೂರಿಗೆ ತಪ್ಪು ಕೂಡಲೇ ಕಂಡಿತು. ಕಾಜಲ್ ಘರ್ಷಣೆಯ ಬಾಣವನ್ನು ಎರಡೂ ಗಾಲಿಗಳಿಗೆ ಹಿಂದಕ್ಕೇ ಎಳೆದಿದ್ದಳು. ತುಳಿಯುವಾಗ ಹಿಂದಿನ ಗಾಲಿ ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲ ಅದನ್ನು ಮುಂದಕ್ಕೆ ದೂಡುತ್ತದೆ. ಆ ಬಾಣ ಮುಂದಕ್ಕಿರಬೇಕು. ಹೇಳಲು ಬಾಯಿ ತೆರೆದಳು...

“ಕಾಜಲ್, ನಾಳೆ ಬಸ್ಸಿಗೆ ಕಾಯಬ್ಯಾಡ,” ಎಂದ ಮಹಾಂತೇಶ. “ನಾ ಗಾಡಿ ಮ್ಯಾಲ ಹುಕ್ಕೇರಿಗೆ ಬಿಡತೇನಿ.”

ಮಯೂರಿ ಬಾಯಿ ಮುಚ್ಚಿದಳು. ಪೆನ್ನು ತೆಗೆದು ಮೂಲೆಯಲ್ಲಿ ಸಹಿ ಹಾಕಿದಳು.

“ಸರಿ ಐತಿ.”

ಮನೆ ತಲುಪುವಷ್ಟರಲ್ಲಿ ಅವಳ ಜೀವ ಚಡಪಡಿಸತೊಡಗಿತು. ಕಾಜಲ್‌ಗೆ ಫೋನ್ ಮಾಡಬಹುದಿತ್ತು. ಆದರೆ ಏನೆಂದು ಹೇಳುವುದು? ನೋಡಿಯೂ ಸುಮ್ಮನಿದ್ದೆ ಎಂದರೆ, ಯಾಕೆ ಎಂದು ಕೇಳುತ್ತಾಳೆ. ಮಹಾಂತೇಶನ ಕಿವಿಗೂ ಬೀಳುತ್ತದೆ. ಅವನು ಇನ್ನು ನನ್ನ ಮುಖ ನೋಡುತ್ತಾನೆಯೇ? ಹೇಳದಿದ್ದರೆ ಕಾಜಲ್‌ಳ ನೌಕರಿ ಹೋಗುತ್ತದೆ... ಹೇಳಿದರೆ ಅವನು ಹೋಗುತ್ತಾನೆ.

ಬೆಳಿಗ್ಗೆ ಹುಕ್ಕೇರಿಯ ಬಸ್ ಹತ್ತಿದಳು.

ಕಾಲೇಜಿನ ಪಡಸಾಲೆಯಲ್ಲಿ ಕಾಜಲ್ ತನ್ನ ಚಿತ್ರ ಹಿಡಿದು ಕರೆಗಾಗಿ ಕಾಯುತ್ತಿದ್ದಳು. ಪಕ್ಕದಲ್ಲೇ ಮಹಾಂತೇಶ. ಅವನೆದುರೇ ಹೇಳಬೇಕಿತ್ತು. ಆದರೂ ಹೇಳಿದಳು.

“ಕಾಜಲ್, ಹಿಂದಿನ ಗಾಲಿ ಬಾಣ ತಪ್ಪೈತಿ. ಮುಂದಕ್ಕ ಇರಬೇಕು. ನಿನ್ನೆ ನಾ ಅದನ್ನ ನೋಡಿದ್ನಿ... ನೋಡಿನೂ ಸಹಿ ಮಾಡಿದ್ನಿ.”

ಕಾಜಲ್ ಚಿತ್ರ ನೋಡಿದಳು, ಮಯೂರಿಯನ್ನು ನೋಡಿದಳು. ಅವಳ ಮುಖ ಬಿಳಚಿಕೊಂಡಿತು. ಹಾಳೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಾಣ ತಿದ್ದಿದಳು. ಅಷ್ಟರಲ್ಲಿ ಒಳಗಿಂದ ಕರೆ ಬಂತು.

ಉಳಿದವರು ಇಬ್ಬರೇ.

“ಇದು ಸರಿ ಮಾಡಲಿಲ್ರಿ ನೀವು,” ಎಂದ ಮಹಾಂತೇಶ. ಅವನ ದನಿ ಗಡುಸಾಗಿತ್ತು. “ಆಕಿ ಮೂರು ಕಾಲೇಜು ತಿರುಗಿ ಬಂದಾಳ. ನಿಮ್ಮ ಸಹಿ ನಂಬಿ ಬಂದಿದ್ಲು.”

“ಗೊತ್ತೈತ್ರಿ.”

“ಮತ್ತ ಯಾಕ ಮಾಡಿದ್ರಿ?”

ಇನ್ನು ಮುಚ್ಚಿಡಲು ಏನಿತ್ತು? “ನೀವು ಆಕಿ ಬಾಜೂ ಕುಂತು ನಗತೀರಿ. ನನಗ ಬರೇ ಸಹಿ ಮಾಡಿ ಕೊಡತೀರಿ. ನನಗ ತಡಕೊಳ್ಳಾಕ ಆಗಲಿಲ್ಲ. ನೀವು ನನಗ ಬೇಕ್ರಿ. ಅದಕ್ಕ ಮಾಡಿದ್ನಿ. ಬೈಯೂದಿದ್ರ ಬೈರಿ.”

ಮಹಾಂತೇಶ ಬೈಯಲಿಲ್ಲ. ಕಂಬಕ್ಕೆ ಒರಗಿ ನಿಂತ. ಒಳಗಿಂದ ಕಾಜಲ್‌ಳ ಪಾಠ ಕೇಳಿಸುತ್ತಿತ್ತು, ಮೊದಲು ಅಳುಕುತ್ತಾ, ಆಮೇಲೆ ಗಟ್ಟಿಯಾಗಿ.

“ನಿಮ್ಮ ಲೆಕ್ಕದಾಗ ತಪ್ಪ ಇರೂದಿಲ್ರಿ,” ಎಂದ ಕೊನೆಗೆ. “ತಪ್ಪಿದ್ರ ಬಾಜೂ ಕುಂತು ಹೇಳಬಹುದು. ಎಲ್ಲಾ ಸರಿ ಇದ್ರ ನಾ ಏನಂತ ಮಾತಾಡ್ಲಿ? ಇವತ್ತರೆ ನೀವು ಒಂದು ತಪ್ಪು ಮಾಡೀರೇನು ಅಂತ ದಿನಾ ಹುಡಕತಿದ್ನಿ. ಸಿಗಲಿಲ್ಲ... ಸಹಿ ಮಾಡಿ ಕೊಡತಿದ್ನಿ.”

ಮಯೂರಿ ಬೆರಗಾಗಿ ನಿಂತಳು. ಇಷ್ಟು ದಿನ ಉರಿದದ್ದು ಇದಕ್ಕೇ? ಅಳು ಬಂತು, ನಗುವೂ ಬಂತು.

ಕಾಜಲ್ ಹೊರಬಂದಳು. “ಸೋಮವಾರದಿಂದ ಬಾ ಅಂದ್ರು,” ಎಂದಳು ಮಹಾಂತೇಶನಿಗೆ. ಆಮೇಲೆ ಮಯೂರಿಯತ್ತ ತಿರುಗಿದಳು. “ನನಗಿನ್ನೂ ಸಿಟ್ಟು ಹೋಗಿಲ್ಲ. ಆದ್ರ ನೀ ಬರದ ಇದ್ದಿದ್ರ ನನ್ನ ಕಥೀ ಮುಗೀತಿತ್ತು. ಚಹಾ ಕುಡಸು, ಆಮ್ಯಾಲ ನೋಡೂಣು.”

ಅವಳು ಮುಂದೆ ನಡೆದಳು. ಮಯೂರಿ ತಲೆ ತಗ್ಗಿಸಿಯೇ ನಿಂತಿದ್ದಳು.

“ಇಲ್ಲಿಗೆ ಬರಾಕ ಅಂಜಿಕಿ ಆಗಲಿಲ್ಲೇನ್ರಿ?” ಮಹಾಂತೇಶ ಮೆಲ್ಲಗೆ ಕೇಳಿದ.

“ಆತ್ರಿ. ಇದನ್ನ ಕೇಳಿದ ಮ್ಯಾಲ ನೀವು ನನ್ನ ಮುಖಾ ನೋಡೂದಿಲ್ಲ ಅಂತ ತಿಳಕೊಂಡ ಬಂದ್ನಿ.”

“ನೋಡಾಕತ್ತೇನಲ್ರಿ... ನೀವ ಮ್ಯಾಲ ನೋಡವಲ್ರಿ.”

ಮಯೂರಿ ಮುಖವೆತ್ತಿದಳು.